ಮಂಜುಗಡ್ಡೆ ನೋಡಿ 8 ಲಕ್ಷ ವರ್ಷದ ಹಿಂದಿನ ಚಳಿ ಹೇಗೆ ಹೇಳ್ತಾರೆ? ಕಾಕಾನಿಗೆ ಉತ್ತರ ಕೊಡೋಕಾಗ್ತಿಲ್ಲ

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ಓದಿದವನು, ವಿಜ್ಞಾನ ಹತ್ತನೇ ಕ್ಲಾಸಿಗೇ ಮುಗಿಯಿತು. ಪ್ರಶ್ನೆ ತೀರಾ ಸಣ್ಣದು ಅನ್ನಿಸಿದರೆ ಬೈಯಬೇಡಿ.

ಹೋದ ವಾರ ಮಗಳ ಕಾಲೇಜಿಗೆ ಒಬ್ಬ ವಿಜ್ಞಾನಿ ಬಂದಿದ್ದರು. ಪಾಲಕರೂ ಬರಬಹುದು ಅಂದಿದ್ದಕ್ಕೆ ನಾನೂ ಹೋದೆ. ಅಂಟಾರ್ಕ್ಟಿಕಾಕ್ಕೆ ಎರಡು ಸಲ ಹೋಗಿ ಬಂದವರಂತೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಿರುಗೋ ಫ್ಯಾನಿನ ಕೆಳಗೆ ಕೂತು ಮೈನಸ್ ಮೂವತ್ತರ ಕಥೆ ಕೇಳಿದೆವು. ತೋಳುದಪ್ಪದ ಮಂಜಿನ ಕೋಲಿನ ಫೋಟೋ ತೋರಿಸಿದರು, ಒಳಗೆ ಸಾಸಿವೆಯಷ್ಟು ಸಣ್ಣ ಸಣ್ಣ ಗುಳ್ಳೆ. ಆ ಗುಳ್ಳೆಯೊಳಗಿನ ಗಾಳಿ ಸಾವಿರಾರು ವರ್ಷ ಹಳೆಯದು, ಅಂಥ ಕೋಲುಗಳಿಂದ 8 ಲಕ್ಷ ವರ್ಷದ ಹವಾಮಾನ ಗೊತ್ತಾಗಿದೆ ಅಂದರು. ಗಾಳಿ ಸಿಕ್ಕಿಕೊಂಡಿತು, ಸರಿ. ಆದರೆ ಆಗ ಎಷ್ಟು ಚಳಿ ಇತ್ತು ಅಂತ ಹೇಗೆ ಗೊತ್ತಾಗುತ್ತದೆ? ಮಂಜು ಮಂಜೇ ಅಲ್ವಾ?

ಇನ್ನೊಂದು ಅರ್ಥ ಆಗದ್ದು. ಅವರ ಕೆಲಸ ಹಳೇ ಕಾಲದ ಹವಾಮಾನ. ಆದರೆ ಅಲ್ಲಿ ಹೋಗಿ ಅರ್ಧ ದಿನಗಳನ್ನು ನಿನ್ನೆ ಮೊನ್ನೆ ಬಿದ್ದ ಹೊಸ ಹಿಮವನ್ನು ಬಾಟಲಿಗೆ ತುಂಬೋದರಲ್ಲೇ ಕಳೆದರಂತೆ. ಹಳೆಯದು ಬೇಕಾದವರಿಗೆ ಹೊಸದು ಯಾಕೆ? ಕೇಳಬೇಕು ಅನ್ನೋಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನಮ್ಮ ಕಾಕಾ ನಕ್ಕರು. "ಹವಾ ಯಾವಾಗ ಒಂದ ಥರಾ ಇತ್ತೋ ತಮ್ಮಾ? 72ರ ಬರ ನೋಡೀನಿ ನಾ. ಅದಕ್ಕೂ ಕಾರು ಲಾರಿನs ಕಾರಣ ಏನು? ಹಿಂದೂ ಬದಲಾಗಿತ್ತು, ಈಗೂ ಬದಲಾಗತೈತಿ, ಬಿಡು." ನನ್ನ ಹತ್ತಿರ ಮಾತೇ ಇಲ್ಲ. ಯಾರಾದರೂ ಕನ್ನಡದಲ್ಲಿ, ನನಗೆ ತಿಳಿಯೋ ಹಾಗೆ ಹೇಳಿ.

ರಿಗ್_ರಾಡು (ಬಾಗಲಕೋಟೆ)

ನನ್ನದು ಬೋರ್‌ವೆಲ್ ಕೆಲಸ, ಹದಿನಾರು ವರ್ಷ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ನನ್ನದೇ ಒಂದು ಪ್ರಶ್ನೆ ಸೇರಿಸುತ್ತೇನೆ. ನಾವು ಹೊಡೆದರೆ ಬರೋದು ಬರೀ ಪುಡಿ, ಮೇಲಿಂದ ಕೆಳಗಿನವರೆಗೆ ಎಲ್ಲ ಕಲಸಿಹೋಗಿ. ಇವರು ಕೋಲು ಕೋಲಾಗಿ ಹೇಗೆ ತೆಗೆಯುತ್ತಾರೆ? ಎಷ್ಟು ಅಡಿ ಹೋಗುತ್ತಾರೆ? ಮೊನ್ನೆ ಇಳಕಲ್ ಕಡೆ 700 ಅಡಿಯಲ್ಲಿ ಹ್ಯಾಮರ್ ಸಿಕ್ಕಿಕೊಂಡು ಎರಡು ದಿನ ಒದ್ದಾಡಿದೆವು, ಕೊನೆಗೆ ರಾಡು ಸಮೇತ ಬಿಟ್ಟು ಬಂದೆವು. ಅವರಿಗೂ ಹೀಗೆ ಆಗುತ್ತದಾ?

ಕಣಕುಂಬಿ_ಮಳೆ (ಬೆಳಗಾವಿ)

ನಾನು ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಮಂಜಿನ ಕೋಲು ಕತ್ತರಿಸೋ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಹಾಗಾಗಿ ಇದು ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ಅಂದಹಾಗೆ ಈ ಕೆಲಸ ದೂರದ್ದೇನಲ್ಲ. ನಮ್ಮ ದೇಶದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರೋದು ಗೋವಾದ ವಾಸ್ಕೋದಲ್ಲಿ. ಲೋಂಡಾದಲ್ಲಿ ರೈಲು ಹತ್ತಿದರೆ ದೂಧಸಾಗರ ನೋಡುತ್ತಾ ಕೊನೇ ಸ್ಟೇಷನ್. ಅಂಟಾರ್ಕ್ಟಿಕಾದ ಮೈತ್ರಿ ಮತ್ತು ಭಾರತಿ, ಉತ್ತರ ಧ್ರುವದ ಕಡೆಯ ಹಿಮಾದ್ರಿ, ಈ ಮೂರೂ ಠಾಣೆಗಳನ್ನು ನೋಡಿಕೊಳ್ಳೋದು ಅವರೇ.

ಮೊದಲು ಚಳಿಯ ಲೆಕ್ಕ. ನೀರಿನಲ್ಲಿ ಆಮ್ಲಜನಕ ಇದೆ. ಅದರಲ್ಲಿ ಹಗುರದ್ದು, ಭಾರದ್ದು ಅಂತ ಇದೆ: 16 ಮತ್ತು 18. ಸುಮಾರು ಐನೂರಕ್ಕೆ ಒಂದು ಮಾತ್ರ 18. ಈಗ ನಮ್ಮ ಮುಂಗಾರನ್ನೇ ನೋಡಿ. ಸಮುದ್ರದಿಂದ ಮೋಡ ತುಂಬಿಕೊಂಡು ಬರುತ್ತದೆ, ಘಟ್ಟ ಹತ್ತುವಾಗ ಕಣಕುಂಬಿಯಲ್ಲಿ ಸುರಿಯುತ್ತದೆ, ಬೆಳಗಾವಿಗೆ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಗುಮ್ಮಟದೂರಿಗೆ ಮುಟ್ಟುವಾಗ ಕೈ ಖಾಲಿ. ಲಾರಿಯಿಂದ ಹಮಾಲರು ಮೂಟೆ ಇಳಿಸುತ್ತಾರಲ್ಲ, ಹಾಗೆ ದಾರಿಯುದ್ದಕ್ಕೂ ಇಳಿಸುತ್ತಾ ಬರುತ್ತದೆ. ಮತ್ತೆ ಭಾರದ ಮೂಟೆ ಮೊದಲು ಇಳಿಯುತ್ತದೆ. ಆವಿ ತಣ್ಣಗಾಗಿ ಹನಿ ಕಟ್ಟುವಾಗ 18 ಇರುವ ನೀರೇ ಮೊದಲು ಕೆಳಗೆ ಬೀಳೋದು. ಧ್ರುವದ ಕಡೆ ಹೋಗೋ ಮೋಡಕ್ಕೂ ಇದೇ ಆಗುತ್ತದೆ. ಅಲ್ಲಿ ಚಳಿ ಜಾಸ್ತಿ ಇದ್ದಷ್ಟೂ ದಾರಿಯಲ್ಲಿ ಜಾಸ್ತಿ ಇಳಿದಿರುತ್ತದೆ, ಕೊನೆಗೆ ಬೀಳೋ ಹಿಮದಲ್ಲಿ 18 ಅಷ್ಟೂ ಕಡಿಮೆ. ಕೋಲಿನ ಒಂದು ಚೂರನ್ನು ಕರಗಿಸಿ ಮಷಿನ್‌ಗೆ ಕೊಟ್ಟರೆ 18 ಎಷ್ಟಿದೆ ಅಂತ ಹೇಳುತ್ತದೆ. ಕಡಿಮೆ ಇದ್ದರೆ ಅದು ಚಳಿಗಾಲದ ಹಿಮ, ಅಥವಾ ಹಿಮಯುಗದ್ದು.

ಇದನ್ನು ಮೊದಲು ಹಿಡಿದವರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್. 1952ರಲ್ಲಿ ಕೋಪನ್‌ಹೇಗನ್ನಿನ ತಮ್ಮ ಮನೆ ಹಿತ್ತಲಲ್ಲಿ ಬಿಯರ್ ಬಾಟಲಿಗೆ ಲಾಳಿಕೆ ಇಟ್ಟು ಮಳೆನೀರು ಹಿಡಿದರು, ಹೊತ್ತು ಹೊತ್ತಿಗೆ ಬಾಟಲಿ ಬದಲಿಸಿ. ಶುರುವಾಗಿದ್ದು ಅಷ್ಟರಿಂದ.

ಈಗ ನಿಮ್ಮ ಎರಡನೇ ಪ್ರಶ್ನೆ. ಅದು ಸಣ್ಣ ಪ್ರಶ್ನೆ ಅಲ್ಲ, ಇಡೀ ಕೆಲಸ ನಿಂತಿರೋದೇ ಅದರ ಮೇಲೆ. ಮಷಿನ್ ಹೇಳೋದು 18 ಎಷ್ಟು ಅಂತ ಮಾತ್ರ. ಅಷ್ಟಿದ್ದರೆ ಎಷ್ಟು ಡಿಗ್ರಿ ಅಂತ ಯಾರು ಹೇಳಬೇಕು? ಇವತ್ತು ಬೀಳೋ ಹಿಮವೇ. ಇವತ್ತು ಥರ್ಮಾಮೀಟರ್ ಇದೆ, ಹಿಮವೂ ಕಣ್ಣೆದುರು ಬೀಳುತ್ತಿದೆ, ಎರಡನ್ನೂ ಹೊಂದಿಸಿ ನೋಡಬಹುದು. ಮೋಡ ಯಾವ ಸಮುದ್ರದಿಂದ ಬಂತು, ಬಿದ್ದ ಹಿಮವನ್ನು ಗಾಳಿ ಎತ್ತಿ ಬೇರೆ ಕಡೆ ಹಾಕಿತಾ, ಬಿಸಿಲಿಗೆ ಮೇಲಿನ ಪದರ ಆವಿಯಾಯಿತಾ, ಎಲ್ಲ ನೋಡಬೇಕು. ಅಂಗಡಿಯ ತಕ್ಕಡಿ ಸರಿ ಇದೆಯಾ ಅಂತ ಗೊತ್ತಿರೋ ತೂಕದ ಕಲ್ಲಿಟ್ಟು ನೋಡೋದಿಲ್ವಾ, ಹಾಗೆ. ಹೊಸ ಹಿಮ ಆ ಕಲ್ಲು.

ಗಾಳಿ ಗುಳ್ಳೆಯ ಕಥೆ ಬೇರೆ. ಹಿಮ ಬಿದ್ದ ಕೂಡಲೇ ಗಾಳಿ ಸಿಕ್ಕಿಕೊಳ್ಳಲ್ಲ. ಮೇಲೆ ಮೇಲೆ ಬೀಳುತ್ತಾ ಒತ್ತಿ ಒತ್ತಿ, 50ರಿಂದ 100 ಮೀಟರ್ ಕೆಳಗೆ ಹೋದ ಮೇಲೆ ಸಂದುಗಳು ಮುಚ್ಚುತ್ತವೆ. ಅಲ್ಲಿವರೆಗೆ ಮೇಲಿನ ಗಾಳಿ ಒಳಗೆ ಆಡುತ್ತಲೇ ಇರುತ್ತದೆ. ಅಂದರೆ ಗುಳ್ಳೆಯ ಗಾಳಿ ತನ್ನ ಸುತ್ತಲಿನ ಮಂಜಿಗಿಂತ ಚಿಕ್ಕ ವಯಸ್ಸಿನದು. ಈ ಮಾತು ನೆನಪಿಡಿ, ಯಾರಾದರೂ ಇದರ ಮೇಲೆ ಜಗಳಕ್ಕೆ ಬಂದೇ ಬರುತ್ತಾರೆ. ಆ ಗಾಳಿಯಲ್ಲಿ ಹಳೇ ವಾತಾವರಣ ಇರುತ್ತದೆ ಅನ್ನೋದು ಫ್ರಾನ್ಸಿನ ಕ್ಲೋಡ್ ಲೋರಿಯಸ್ ಅವರಿಗೆ ಹೊಳೆದದ್ದು 1965ರಲ್ಲಿ, ಅಂಟಾರ್ಕ್ಟಿಕಾದಲ್ಲಿ, ಕೊರೆದ ಮಂಜಿನ ತುಂಡನ್ನು ವಿಸ್ಕಿಗೆ ಹಾಕಿಕೊಂಡಾಗ. ಗುಳ್ಳೆ ಚಟಪಟ ಒಡೆಯುತ್ತಿತ್ತಂತೆ. ಹಳೇ ಮಂಜು ಕರಗುವಾಗ ನಿಜಕ್ಕೂ ಸದ್ದು ಮಾಡುತ್ತದೆ, ನಾನು ನೀರಿಗೆ ಹಾಕಿ ಕೇಳಿದ್ದೇನೆ. ಎಣ್ಣೆ ಚೆನ್ನಾಗಿ ಕಾಯದೆ ಸಾಸಿವೆ ಹಾಕಿದಾಗ ಒಂದೊಂದೇ ಸಿಡಿಯುತ್ತದಲ್ಲ, ಆ ಥರ.

ರಿಗ್_ರಾಡು ಅಣ್ಣಾ, ನಿಮಗೆ. ಬಿಟ್ ನಡುವೆ ಟೊಳ್ಳು. ಸುತ್ತ ಉಂಗುರದ ಹಾಗೆ ಕೊರೆಯುತ್ತದೆ, ನಡುವಿನ ಕೋಲು ಪೈಪಿನೊಳಗೆ ಬಂದು ಕೂರುತ್ತದೆ. ರಾಡಿಗೆ ರಾಡು ಜೋಡಿಸೋದಿಲ್ಲ, ಕೇಬಲ್‌ಗೆ ಕಟ್ಟಿ ಇಳಿಸೋದು, ಮೋಟಾರು ಕೂಡ ಕೆಳಗೇ ಇರುತ್ತದೆ. ಸುಮಾರು 10 ಸೆಂ.ಮೀ. ದಪ್ಪದ ಕೋಲು, ಒಂದು ಸಲಕ್ಕೆ ಮೂರು ಮೀಟರ್ ಸಿಕ್ಕರೆ ಖುಷಿ. ಮತ್ತೆ ಮೇಲೆ ತಗೊಂಡು ಮತ್ತೆ ಇಳಿಸಬೇಕು. ತೂತು ತನ್ನಷ್ಟಕ್ಕೇ ಮುಚ್ಚಿಕೊಳ್ಳದ ಹಾಗೆ ಹೆಪ್ಪುಗಟ್ಟದ ದ್ರವ ತುಂಬಿರುತ್ತಾರೆ, ಯಾಕೆಂದರೆ ಅಷ್ಟು ಆಳದಲ್ಲಿ ಮಂಜು ಮೆಲ್ಲಗೆ ಹರಿಯುತ್ತದೆ. ಅಂಟಾರ್ಕ್ಟಿಕಾದ ಡೋಮ್ ಸಿ ಅನ್ನೋ ಜಾಗದಲ್ಲಿ ಯುರೋಪಿನವರು ಹೋದ ಆಳ 3,270 ಮೀಟರ್, ನಿಮ್ಮ ಲೆಕ್ಕದಲ್ಲಿ 10,700 ಅಡಿ ಮೇಲೆ. ಆ 8 ಲಕ್ಷ ವರ್ಷ ಬಂದದ್ದು ಅಲ್ಲಿಂದಲೇ. ಸಿಕ್ಕಿಕೊಳ್ಳುತ್ತದಾ ಅಂದರಲ್ಲ, ಅದೇ ಜಾಗದಲ್ಲಿ ಮೊದಲನೇ ತೂತಿನಲ್ಲಿ 788 ಮೀಟರಿಗೆ ಡ್ರಿಲ್ ಕಚ್ಚಿಕೊಂಡಿತು. ಬರಲೇ ಇಲ್ಲ. ಪಕ್ಕದಲ್ಲಿ ಹೊಸ ತೂತು ಕೊರೆದು ತಳದ ಹತ್ತಿರ ಮುಟ್ಟುವಾಗ 2004 ಮುಗಿಯುತ್ತಾ ಬಂದಿತ್ತು.

ರಿಗ್_ರಾಡು (ಬಾಗಲಕೋಟೆ)

10,700 ಅಡಿ! ಅಕ್ಕಾರ, ರೇಟು ಅಡಿಗೆಷ್ಟು ಅಂತ ಕೇಳಲ್ಲ ಬಿಡಿ. ಅವರದೂ ಸಿಕ್ಕಿಕೊಂಡಿತ್ತು ಅಂತ ನಮ್ಮ ಹುಡುಗರಿಗೆ ಓದಿ ಹೇಳಿದೆ, ಮುಖ ಸ್ವಲ್ಪ ಅರಳಿತು.

ಎಲ್ಲಾ_ಗೊತ್ತು (ಬೆಳಗಾವಿ)

ಇದೆಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಯಾರೂ ಹೇಳಲ್ಲ. ಇದೇ ಮಂಜಿನ ಕೋಲುಗಳಲ್ಲಿ ಮೊದಲು ತಾಪಮಾನ ಏರಿದೆ, ಆಮೇಲೆ 800 ವರ್ಷಕ್ಕೆ ಕಾರ್ಬನ್ ಡೈಆಕ್ಸೈಡ್ ಏರಿದೆ. ಅಂದರೆ ಕಾರ್ಬನ್ನಿಂದ ಬಿಸಿ ಅಲ್ಲ, ಬಿಸಿಯಿಂದ ಕಾರ್ಬನ್. ಕಾಕಾ ಹೇಳಿದ್ದೇ ಸರಿ ಆಯ್ತಲ್ಲ? ಸುಮ್ನೆ ಹೆದರಿಸುತ್ತಾರೆ.

ಕಣಕುಂಬಿ_ಮಳೆ (ಬೆಳಗಾವಿ)

ಬಂದಿರಾ, ಕಾಯುತ್ತಿದ್ದೆ :)

ಗುಳ್ಳೆಯ ಗಾಳಿ ಮಂಜಿಗಿಂತ ಚಿಕ್ಕದು ಅಂದೆನಲ್ಲ. ಡೋಮ್ ಸಿ ಥರದ ಜಾಗದಲ್ಲಿ ಆ ವ್ಯತ್ಯಾಸ ಸಾವಿರಾರು ವರ್ಷ ಆಗುತ್ತದೆ. ತಾಪಮಾನ ಓದೋದು ಮಂಜಿನಿಂದ, ಕಾರ್ಬನ್ ಓದೋದು ಗಾಳಿಯಿಂದ. ಎರಡರ ವಯಸ್ಸು ಹೊಂದಿಸೋದರಲ್ಲೇ ಹಳೇ ಲೆಕ್ಕಗಳಲ್ಲಿ ನೂರಾರು ವರ್ಷ ಆಚೀಚೆ ಆಗುತ್ತಿತ್ತು. 2013ರಲ್ಲಿ ಐದು ಕೋಲುಗಳನ್ನು ಇಟ್ಟುಕೊಂಡು ಇನ್ನೂ ಬಿಗಿಯಾಗಿ ಲೆಕ್ಕ ಹಾಕಿದಾಗ, ಕಳೆದ ಹಿಮಯುಗ ಮುಗಿಯುವಾಗ ಅಂಟಾರ್ಕ್ಟಿಕಾದ ಬಿಸಿಯೂ ಕಾರ್ಬನ್ನೂ ಹೆಚ್ಚು ಕಡಿಮೆ ಒಟ್ಟೊಟ್ಟಿಗೇ ಏರಿದ್ದು ಕಂಡಿತು.

ಸರಿ, ಬಿಸಿಯೇ ಮೊದಲು ಅಂತಲೇ ಇಟ್ಟುಕೊಳ್ಳಿ. ಹಿಮಯುಗಗಳಿಗೆ ಮೊದಲ ತಳ್ಳು ಕೊಡೋದು ಭೂಮಿಯ ಓಟವೇ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಸುತ್ತುವ ದಾರಿ, ಅಕ್ಷದ ಓರೆ, ಬುಗುರಿ ಥರ ಓಲಾಡೋದು, ಇವು ಸಾವಿರಾರು ವರ್ಷಕ್ಕೊಮ್ಮೆ ಬದಲಾಗಿ ಬಿಸಿಲು ಎಲ್ಲಿ ಎಷ್ಟು ಬೀಳುತ್ತದೆ ಅನ್ನೋದನ್ನು ಬದಲಿಸುತ್ತವೆ. ಸರ್ಬಿಯಾದ ಮಿಲಾಂಕೊವಿಚ್ ನೂರು ವರ್ಷದ ಹಿಂದೆಯೇ ಕೂತು ಕೈಯಲ್ಲಿ ಲೆಕ್ಕ ಹಾಕಿದ್ದು ಇದನ್ನೇ. ಆದರೆ ಆ ತಳ್ಳು ಸಣ್ಣದು, ಅಷ್ಟರಿಂದಲೇ ಇಡೀ ಹಿಮಯುಗ ಕರಗಲ್ಲ. ಸ್ವಲ್ಪ ಬಿಸಿಯಾದ ಸಮುದ್ರ ಕಾರ್ಬನ್ ಬಿಡುತ್ತದೆ. ಬಿಸಿಲಲ್ಲಿಟ್ಟ ಗೋಲಿಸೋಡಾ ತೆಗೆದರೆ ಏನಾಗುತ್ತದೆ ಗೊತ್ತಲ್ಲ. ಆ ಕಾರ್ಬನ್ ಮತ್ತಷ್ಟು ಬಿಸಿ ಮಾಡುತ್ತದೆ. ಕೋಳಿಯಿಂದ ಮೊಟ್ಟೆ ಬಂತು ಅಂತ ಮೊಟ್ಟೆಯಿಂದ ಕೋಳಿ ಬರೋದಿಲ್ಲ ಅಂದಂತಾಯಿತು ನಿಮ್ಮ ವಾದ.

ಈಗಿನದಕ್ಕೆ ಆ ತಳ್ಳು ಇಲ್ಲ. ಈ ಸಲ ಕಾರ್ಬನ್ನೇ ಮೊದಲು ಬಂದಿದೆ, ಎಲ್ಲಿಂದ ಬಂತು ಅನ್ನೋದಕ್ಕೂ ಗುರುತಿದೆ. ಕಲ್ಲಿದ್ದಲು, ಪೆಟ್ರೋಲು ನೆಲದಡಿ ಕೋಟ್ಯಂತರ ವರ್ಷ ಇದ್ದದ್ದರಿಂದ ಅವುಗಳಲ್ಲಿ ಕಾಲ ಕಳೆದಂತೆ ಕ್ಷಯಿಸೋ ಕಾರ್ಬನ್ 14 ಉಳಿದಿರೋದಿಲ್ಲ. ಹಳೇ ಗಿಡಗಳಿಂದ ಆದದ್ದರಿಂದ ಕಾರ್ಬನ್ 13 ಕೂಡ ಕಡಿಮೆ (ಆಮ್ಲಜನಕದ 18ರ ಹಾಗೆ ಇವೂ ಕಾರ್ಬನ್ನಿನ ಭಾರದ ಬಗೆಗಳು). ಗಾಳಿಯಲ್ಲಿ ಈ ಎರಡರ ಪಾಲೂ ಹಾಗೇ ಇಳಿಯುತ್ತಾ ಬಂದಿದೆ.

ಕಾಕಾನಿಗೆ ನಾನಾದರೆ ಈ ಲೆಕ್ಕ ಹೇಳುತ್ತಿದ್ದೆ. 8 ಲಕ್ಷ ವರ್ಷದಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ ಸುಮಾರು 180ರಿಂದ 300ರೊಳಗೇ ಏರಿಳಿದಿದೆ. ಹಿಮಯುಗ ಮುಗಿಯುವಾಗ 80 ಪಾಲು ಏರೋಕೆ ಸಾವಿರಾರು ವರ್ಷ ಬೇಕಾಯಿತು. ಹವಾಯಿಯ ಮೌನಾ ಲೋವಾದಲ್ಲಿ ಅಳೆಯೋಕೆ ಶುರು ಮಾಡಿದ್ದು 1958ರಲ್ಲಿ, ಆಗ 315. ಈಗ 420 ದಾಟಿದೆ. ಕಾಕಾ ಹುಟ್ಟಿದ ಮೇಲೆ ನಡೆದದ್ದು ಇದು. ಹಿಂದೆಯೂ ಬದಲಾಗಿತ್ತು, ನಿಜ. ಹಿಂದೆ ಬದಲಾಗಿದ್ದು ಯಾವುದರಿಂದ, ಎಷ್ಟು ನಿಧಾನವಾಗಿ ಅಂತ ಅಳೆದು ನೋಡಿದ್ದರಿಂದಲೇ ಈಗಿನದು ಬೇರೆ ಥರ ಅಂತ ಗೊತ್ತಾಗಿದ್ದು.

ಎಲ್ಲಾ_ಗೊತ್ತು (ಬೆಳಗಾವಿ)

ಆ ಗಾಳಿ, ಮಂಜಿನ ವಯಸ್ಸಿನ ವಿಷಯ ಗೊತ್ತಿರಲಿಲ್ಲ. ಓದಿ ನೋಡುತ್ತೇನೆ. ಕೋಳಿ ಮೊಟ್ಟೆ ಬೇಕಿರಲಿಲ್ಲ.

ತಿಕೋಟಾ_ದ್ರಾಕ್ಷಿ (ವಿಜಯಪುರ)

ನಮ್ಮದು ನಾಲ್ಕು ಎಕರೆ ದ್ರಾಕ್ಷಿ, ಒಣದ್ರಾಕ್ಷಿ ಮಾಡುತ್ತೇವೆ. ಶೆಡ್ಡಿನಲ್ಲಿ ಹಣ್ಣು ಒಣಗೋಕೆ ಹಾಕಿದಾಗಲೇ ಮಳೆ ಬರುತ್ತದೆ, ಒಂದು ವರ್ಷ ಆಣೆಕಲ್ಲು ಬಿದ್ದು ಅರ್ಧ ಗಂಟೆಯಲ್ಲಿ ವರ್ಷದ ದುಡಿಮೆ ಹೋಯಿತು. ಈ ಧ್ರುವದ ಕಥೆ ಕೇಳಿ ನಮಗೇನು? ಅಲ್ಲಿ ಉತ್ತರ ಧ್ರುವದ ಮಂಜು ಕರಗಿದರೆ ಮುಂಬೈ ಮುಳುಗುತ್ತದೆ ಅಂತಾರೆ, ತಿಕೋಟಾಕ್ಕೆ ನೀರು ಹತ್ತೋದಿಲ್ಲವಲ್ಲ.

ನಿವೃತ್ತ_ಮಾಸ್ತರ (ಬಾದಾಮಿ)

ತಮ್ಮಾ, ಅದರಲ್ಲಿ ಒಂದು ತಪ್ಪಿದೆ. ಉತ್ತರ ಧ್ರುವದಲ್ಲಿ ನೆಲ ಇಲ್ಲ, ಸಮುದ್ರದ ಮೇಲೆ ತೇಲೋ ಮಂಜು. ಲೋಟದ ನೀರಿನಲ್ಲಿ ಐಸ್ ತುಂಡು ಹಾಕಿ, ಅಂಚಿಗೆ ಗೆರೆ ಎಳೆದು ಇಟ್ಟು ನೋಡು. ಕರಗಿದ ಮೇಲೂ ನೀರು ಅಲ್ಲೇ ಇರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದ್ದೇನೆ, ಪ್ರತಿ ಸಲ ಒಬ್ಬ ಹುಡುಗ ಲೋಟ ಉರುಳಿಸುತ್ತಿದ್ದ. ಸಮುದ್ರ ಏರಿಸೋದು ನೆಲದ ಮೇಲೆ ಕೂತ ಮಂಜು. ಗ್ರೀನ್‌ಲ್ಯಾಂಡಿನದು ಪೂರ್ತಿ ಕರಗಿದರೆ 7 ಮೀಟರಿಗಿಂತ ಜಾಸ್ತಿ, ಅಂಟಾರ್ಕ್ಟಿಕಾದ್ದು ಪೂರ್ತಿ ಅಂದರೆ 58 ಮೀಟರ್ ಹತ್ತಿರ. ಅಷ್ಟೂ ಕರಗೋಕೆ ಸಾವಿರಾರು ವರ್ಷ ಬೇಕು. ಆದರೆ ಕರಾವಳಿಯವರಿಗೆ ಒಂದು ಮೀಟರೇ ಸಾಕಲ್ಲ.

ಹಾಗಂತ ತೇಲೋ ಮಂಜು ಹೋದರೆ ಏನೂ ಇಲ್ಲ ಅಂತಲ್ಲ. ಬಿಳಿ ಮಂಜು ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪು ನೀರು ಕುಡಿಯುತ್ತದೆ. ಮಾಳಿಗೆಗೆ ಸುಣ್ಣ ಬಳಿಯೋದು ಯಾಕೆ ಮತ್ತೆ? ಇದೂ ಒಂದು ಕಾರಣವಾಗಿ 1979ರಿಂದ ಆರ್ಕ್ಟಿಕ್ ಪ್ರದೇಶ ಉಳಿದ ಜಗತ್ತಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗಿದೆ.

ಕಣಕುಂಬಿ_ಮಳೆ (ಬೆಳಗಾವಿ)

ಮಾಸ್ತರ ಹೇಳಿದ್ದು ಸರಿ. ತಿಕೋಟಾದ ಅಣ್ಣಾ, ನಿಮ್ಮ ತೋಟದ ಆಣೆಕಲ್ಲಿಗೆ ಧ್ರುವವೇ ಕಾರಣ ಅಂತ ನಾನು ಹೇಳೋದಿಲ್ಲ. ಒಂದು ದಿನದ ಮಳೆಗೆ ಹತ್ತು ಕಾರಣ. ಆದರೆ ಮುಂಗಾರಿಗೂ ಧ್ರುವಕ್ಕೂ ಹಳೇ ನಂಟು ಇದೆ, ಅದು ಮಣ್ಣಿನಲ್ಲೇ ಬರೆದಿದೆ. ಅರಬ್ಬೀ ಸಮುದ್ರದ ತಳದ ಕೆಸರಲ್ಲೂ ಕೋಲು ತೆಗೆಯುತ್ತಾರೆ. ಹಿಮಯುಗದ ಕಾಲದ ಗ್ರೀನ್‌ಲ್ಯಾಂಡಿನ ಮಂಜನ್ನೂ ಆ ಕೆಸರನ್ನೂ ಅಕ್ಕಪಕ್ಕ ಇಟ್ಟರೆ, ಅಲ್ಲಿ ಚಳಿ ಬಿದ್ದಾಗಲೆಲ್ಲ ಇಲ್ಲಿ ಮುಂಗಾರು ಸೊರಗಿದೆ, ಅಲ್ಲಿ ಬಿಸಿಯಾದಾಗ ಇಲ್ಲಿ ಜೋರಾಗಿದೆ. ಸುಮಾರು 11,700 ವರ್ಷದ ಹಿಂದೆ ಗ್ರೀನ್‌ಲ್ಯಾಂಡ್ ಕೆಲವೇ ದಶಕಗಳಲ್ಲಿ ಹತ್ತು ಡಿಗ್ರಿಯಷ್ಟು ಬಿಸಿಯಾಗಿದ್ದು ಮಂಜಿನಲ್ಲಿ ಕಾಣುತ್ತದೆ. ಒಬ್ಬ ಮನುಷ್ಯನ ಆಯುಷ್ಯದೊಳಗೆ. ಹವಾಮಾನ ಯಾವಾಗಲೂ ಮೆಲ್ಲಗೇ ಬದಲಾಗುತ್ತದೆ ಅಂದುಕೊಂಡಿದ್ದವರಿಗೆ ನಿದ್ದೆಗೆಡಿಸಿದ ವಿಷಯ ಇದು.

ಒಂದು ತಮಾಷೆ ಹೇಳಲಾ? ವಿಜಯಪುರಕ್ಕೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಬರಗಾಲದ ಜಿಲ್ಲೆ ಅಂತೀವಿ. ಡೋಮ್ ಸಿಯಲ್ಲಿ ಬೀಳೋ ಹಿಮ ಕರಗಿಸಿದರೆ ವರ್ಷಕ್ಕೆ 30 ಮಿ.ಮೀ. ನೀರೂ ಆಗಲ್ಲ. ಅದಕ್ಕೇ ಅಲ್ಲಿ ಒಂದೊಂದು ವರ್ಷದ ಪದರ ಅಷ್ಟು ತೆಳು, ಅಷ್ಟು ಹಳೇದೂ ಸಿಗುತ್ತದೆ. 2025ರ ಜನವರಿಯಲ್ಲಿ ಅಲ್ಲೇ ಹತ್ತಿರ ಲಿಟಲ್ ಡೋಮ್ ಸಿ ಅನ್ನೋ ಕಡೆ 2,800 ಮೀಟರ್ ಕೊರೆದು ತಳದ ಬಂಡೆ ಮುಟ್ಟಿದರು. ಅದರಲ್ಲಿ 12 ಲಕ್ಷ ವರ್ಷಕ್ಕಿಂತ ಹಳೇ ಮಂಜಿದೆ. ಆಳದಲ್ಲಿ ಒಂದು ಮೀಟರ್ ಕೋಲಿನೊಳಗೆ 13,000 ವರ್ಷದವರೆಗೂ ಒತ್ತಿ ಕೂತಿದೆಯಂತೆ. ಅಂಥ ಕೋಲು ಕತ್ತರಿಸುವಾಗ ಕೈ ನಡುಗಿದರೆ? ನಾವು ಮೈನಸ್ 20ರ ಕೋಣೆಯಲ್ಲಿ, ಬಡಗಿಗಳ ಬ್ಯಾಂಡ್‌ಸಾ ಥರದ ಗರಗಸದಲ್ಲಿ ಕೊಯ್ಯುತ್ತಿದ್ದೆವು. ಪೆನ್ನು ಬರೆಯೋದಿಲ್ಲ, ಪೆನ್ಸಿಲ್ಲೇ. ಅರ್ಧ ಗಂಟೆಗೊಮ್ಮೆ ಹೊರಗೆ ಬಂದರೆ ಗೋವಾದ ಸೆಕೆ, ಕನ್ನಡಕ ಪೂರ್ತಿ ಮಂಜು. ಕಣ್ಣು ಕಾಣದೆ ಗೋಡೆ ಹಿಡಿದು ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಗುಮ್ಮಟದೂರಿನವ (ವಿಜಯಪುರ)

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಾನು ಲೆಕ್ಕ ಬರೆಯೋದು ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ. ಕರೆಂಟ್ ಹೋಗಿ ಜನರೇಟರ್ ತಡವಾದರೆ ನಮಗೇ ಎದೆ ಹೊಡೆದುಕೊಳ್ಳುತ್ತದೆ. ಅಕ್ಕಾ, ನಿಮ್ಮ ಕೋಣೆಯ ಬಗ್ಗೆ ಯೋಚನೆ ಮಾಡಿ ಮೈ ಜುಂ ಅಂದಿತು.

ರಾತ್ರಿ ಊಟಕ್ಕೆ ಕೂತಾಗ ಕಾಕಾನಿಗೆ ಎಲ್ಲ ಹೇಳಿದೆ. 315, 420ಕ್ಕೆ ಅವರು ಏನೂ ಅನ್ನಲಿಲ್ಲ, ರೊಟ್ಟಿ ಮುರೀತಾ ಇದ್ದರು. ಹಮಾಲರ ಕಥೆಗೆ ಮಾತ್ರ ತಲೆ ಎತ್ತಿದರು, ಯಾಕೆಂದರೆ ಅವರು ಎಪಿಎಂಸಿಯಲ್ಲಿ ಮೂವತ್ತು ವರ್ಷ ಅಡತಿ ಅಂಗಡಿ ನೋಡಿಕೊಂಡವರು. "ಹಂಗಾರ ಕಣಕುಂಬಿಗೆ ಭಾರದ್ದು, ನಮಗ ಹಗೂರದ್ದು ಅನ್ನು. ಮೊದಲಿಂದನೂ ಹಂಗs ಐತಿ." ಆಮೇಲೆ ಕೈ ತೊಳೆದು ಬಂದು ಕೇಳಿದರು: "ಆ ಹತ್ತು ಸಾವಿರ ಅಡಿ ತೂತು ಆಮ್ಯಾಲ ಮುಚ್ಚತಾರೋ, ಹಂಗs ಬಿಟ್ಟು ಬರತಾರೋ?"

ಗೊತ್ತಿಲ್ಲ ಅಂದೆ. ಯಾರಿಗಾದರೂ ಗೊತ್ತಾ?

ರಿಗ್_ರಾಡು (ಬಾಗಲಕೋಟೆ)

ಕಾಕಾ ಸರಿಯಾದ್ದು ಕೇಳಿದರು. ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ನಮ್ಮ ಕಡೆ ಬಾಯಿ ತೆರೆದ ಬೋರಿನಿಂದ ಏನೇನಾಗಿದೆ ಎಲ್ಲರಿಗೂ ಗೊತ್ತು.

ಕಣಕುಂಬಿ_ಮಳೆ (ಬೆಳಗಾವಿ)

ಮೇಲ್ಗಡೆ ಕೇಸಿಂಗ್ ಇರುತ್ತದೆ, ಬಾಯಿಗೆ ಮುಚ್ಚಳ ಹಾಕುತ್ತಾರೆ. ಆದರೆ ತುಂಬಿ ಮುಚ್ಚಿಬಿಡೋದಿಲ್ಲ, ಯಾಕೆಂದರೆ ತೂತಿಗೂ ಕೆಲಸ ಇದೆ. ವರ್ಷಗಳ ಮೇಲೆ ಮತ್ತೆ ಹೋಗಿ ಥರ್ಮಾಮೀಟರ್ ಇಳಿಸುತ್ತಾರೆ. ಮಂಜಿನಲ್ಲಿ ಬಿಸಿ, ಚಳಿ ತುಂಬಾ ನಿಧಾನ ಸಾಗುತ್ತವೆ. ಗ್ರೀನ್‌ಲ್ಯಾಂಡಿನ ತೂತಿನಲ್ಲಿ ಹೀಗೆ ಇಳಿಸಿ ನೋಡಿದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಹಿಮಯುಗದ ಚಳಿ ಇನ್ನೂ ಆಳದಲ್ಲಿ ಉಳಿದಿತ್ತು. ಅದರಿಂದ ಲೆಕ್ಕ ಹಾಕಿದರೆ ಆಗ ಅಲ್ಲಿ ಈಗಿಗಿಂತ 23 ಡಿಗ್ರಿ ಹೆಚ್ಚು ಚಳಿ. 18ರ ಲೆಕ್ಕವನ್ನು ಸರಿ ಮಾಡಿಕೊಳ್ಳೋಕೆ ಇದೂ ಒಂದು ತೂಕದ ಕಲ್ಲು.

ಗುಮ್ಮಟದೂರಿನವ (ವಿಜಯಪುರ)

ಹೇಳಿದೆ. "ಮುಚ್ಚಳ ಹಾಕತಾರಲ್ಲ, ಅಷ್ಟಾತು ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಆ ವಿಜ್ಞಾನಿ ಮತ್ತೆ ಯಾವಾಗ ಬರುತ್ತಾರೆ ಅಂತ ಮಗಳನ್ನು ಕೇಳುತ್ತಿದ್ದರು.